ರೋಗಿಯ ಮಗ್ಗುಲಲ್ಲಿ: ಕುವೈತ್‌ನಲ್ಲಿ ಡೆಂಗಿ ಗುರುತಿಸುವ ಸರಳ ಪರೀಕ್ಷೆಗಳು



ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಕುವೈತ್‌ನಲ್ಲಿ ವರ್ಷವಿಡೀ ಬೀಳುವುದು ಸುಮಾರು 100ರಿಂದ 120 ಮಿಲಿಮೀಟರ್. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಡಲು ನಿಂತ ನೀರು ಬೇಕು. ಹಾಗಿರುವಾಗ ಮರುಭೂಮಿಯ ನಾಡಿನ ಕನ್ನಡಿಗರ ಮುಂದೆ ಡೆಂಗಿಯ ಮಾತೇಕೆ ಎಂದು ನೀವು ಕೇಳಬಹುದು. ಉತ್ತರ ನಮ್ಮ ರಜೆಯ ಕ್ಯಾಲೆಂಡರಿನಲ್ಲಿದೆ. ಇಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬಿದ್ದೊಡನೆ ಕುಟುಂಬಗಳು ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳಗಳಿಗೆ ಹೊರಡುತ್ತವೆ. ಅಲ್ಲಿ ಆಗ ಮಳೆಗಾಲ, ಡೆಂಗಿಯ ಕಾಲ. ಆಗಸ್ಟ್ ಕೊನೆಗೆ ಮರಳಿ ಬರುತ್ತಾರೆ. ಸೋಂಕಿನ ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 4ರಿಂದ 10 ದಿನ, ಹೆಚ್ಚೆಂದರೆ 14 ದಿನ ಬೇಕು. ಆದ್ದರಿಂದ ಉಡುಪಿಯಲ್ಲಿ ಕಚ್ಚಿದ ಸೊಳ್ಳೆಯ ಜ್ವರ ಕುವೈತ್‌ನ ಸಾಲ್ಮಿಯಾದಲ್ಲಿ ಏರುತ್ತದೆ.

ಏರಿದಾಗ ಅದನ್ನು ಯಾರೂ ತಟ್ಟನೆ ಡೆಂಗಿ ಎನ್ನುವುದಿಲ್ಲ. ಕುವೈತ್ ಡೆಂಗಿಯ ತವರಲ್ಲ. ರೋಗ ಬಹುಮಟ್ಟಿಗೆ ಪ್ರಯಾಣಿಕರ ಜೊತೆಗೇ ಬರುತ್ತದೆ. ಇಲ್ಲಿನ ವೈದ್ಯರ ಮನಸ್ಸಿನಲ್ಲಿ ಬಹುದಿನದ ಜ್ವರವೆಂದರೆ ಮೊದಲು ಸುಳಿಯುವುದು ಬ್ರುಸೆಲ್ಲೋಸಿಸ್, ಕಾಯಿಸದ ಹಾಲಿನಿಂದ ಬರುವ ಈ ಪ್ರದೇಶದ ಹಳೆಯ ಕಾಯಿಲೆ. ಭಾರತದಿಂದ ಬಂದವರ ಜ್ವರವೆಂದರೆ ಮಲೇರಿಯಾ ಅಥವಾ ಟೈಫಾಯಿಡ್. ಬೇಸಿಗೆಯಲ್ಲಿ ಹೊರಗೆ ದುಡಿಯುವವನು ಸುಸ್ತಾಗಿ ಬಿದ್ದರೆ ಬಿಸಿಲಿನ ಹೊಡೆತ. ಈ ಊಹೆಗಳು ಯಾವುವೂ ಅವಿವೇಕದವಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಯಲಿನ ಕೆಲಸವನ್ನೇ ನಿಷೇಧಿಸುವ ದೇಶದಲ್ಲಿ ಬಿಸಿಲನ್ನು ಮೊದಲು ನೆನೆಯುವುದು ಸಹಜ. ಆದರೆ ಸೌದಿಯ ಜೆಡ್ಡಾದಲ್ಲಿ 1994ರಿಂದಲೇ ಡೆಂಗಿ ಗುರುತಾಗಿದೆ, ಮಸ್ಕತ್‌ನಲ್ಲಿ 2018ರ ಕೊನೆಗೆ ಸ್ಥಳೀಯವಾಗಿ ಹರಡಿದೆ. ಕೊಲ್ಲಿಯ ವೈದ್ಯರು ಈ ಕಾಯಿಲೆಯನ್ನು ಪಟ್ಟಿಯ ಕೊನೆಯಲ್ಲಿ ಇಟ್ಟುಕೊಳ್ಳುವ ಕಾಲ ದಾಟಿದೆ.

ಪ್ರಯೋಗಾಲಯದ ವರದಿ ಕೈಸೇರುವ ಮುನ್ನ, ಹಾಸಿಗೆಯ ಪಕ್ಕದಲ್ಲೇ ಕಣ್ಣು, ಕೈ, ಗಡಿಯಾರ ಮತ್ತು ಬಿ.ಪಿ. ನೋಡುವ ಪಟ್ಟಿಯಿಂದ ಏನನ್ನು ತಿಳಿಯಬಹುದು ಎಂಬುದು ಈ ದತ್ತಿ ಉಪನ್ಯಾಸದ ವಿಷಯ. ಪರೀಕ್ಷೆಗಳ ಮುಂದೆ ನಾವು ಇಡುವ ಪ್ರಶ್ನೆಗಳು ಎರಡು. ಇದು ಡೆಂಗಿಯೇ, ಅಲ್ಲವೇ ಎಂಬುದು ಒಂದು. ಡೆಂಗಿಯಾಗಿದ್ದರೆ ಈ ರೋಗಿ ಈ ಹೊತ್ತಿನಲ್ಲಿ ಅಪಾಯಕ್ಕೆ ಜಾರುತ್ತಿದ್ದಾನೆಯೇ ಎಂಬುದು ಇನ್ನೊಂದು. ಮಗ್ಗುಲ ಪರೀಕ್ಷೆಗಳು ಮೊದಲ ಪ್ರಶ್ನೆಗೆ ದುರ್ಬಲ ಸಾಕ್ಷಿಗಳು, ಎರಡನೆಯದಕ್ಕೆ ಬಲವಾದ ಸಾಕ್ಷಿಗಳು. ಜನರೂ ಎಷ್ಟೋ ವೈದ್ಯರೂ ಇದನ್ನು ತಲೆಕೆಳಗು ಮಾಡಿಕೊಂಡಿದ್ದಾರೆ ಎಂಬುದು ನನ್ನ ವಾದ. ಹೆಸರು ಹಚ್ಚುವ ಪರೀಕ್ಷೆಗೆ ಹಣ ಚೆಲ್ಲುತ್ತೇವೆ. ಪ್ರಾಣ ಉಳಿಸುವ ಪರೀಕ್ಷೆಯನ್ನು ಎರಡನೆಯ ಸಲ ಮಾಡುವುದೇ ಇಲ್ಲ.

ಮೊದಲ ಪ್ರಶ್ನೆಯಿಂದಲೇ ತೊಡಗೋಣ. ಕುವೈತ್‌ನಲ್ಲಿ ಡೆಂಗಿಯ ಅತ್ಯುತ್ತಮ ಪರೀಕ್ಷೆಗೆ ಉಪಕರಣವೇ ಬೇಡ. "ಊರಿಂದ ಬಂದದ್ದು ಯಾವ ತಾರೀಕಿಗೆ?" ಎಂಬ ಪ್ರಶ್ನೆಯೇ ಆ ಪರೀಕ್ಷೆ. ತಿಂಗಳು ಸಾಲದು, ತಾರೀಕು ಬೇಕು. ವಿಮಾನ ಇಳಿದು 14 ದಿನ ಕಳೆದ ಮೇಲೆ ಜ್ವರ ಶುರುವಾಗಿದ್ದರೆ ಅದು ಊರಿನಿಂದ ಹೊತ್ತು ತಂದ ಡೆಂಗಿಯಲ್ಲ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ನಾನು ಮುಂದೆ ಹೇಳಲಿರುವ ಯಾವ ಪರೀಕ್ಷೆಗೂ ಇಷ್ಟು ಗಟ್ಟಿಯಾಗಿ 'ಅಲ್ಲ' ಎನ್ನುವ ಶಕ್ತಿಯಿಲ್ಲ. ಇದಕ್ಕೆ ಜೋಡಿಯಾಗಿ ಜ್ವರ ಮೊದಲು ಬಂದ ದಿನವನ್ನೂ ಬರೆದಿಡಬೇಕು. ಡೆಂಗಿಯಲ್ಲಿ ಇಂದು ಎಷ್ಟನೆಯ ದಿನ ಎಂಬುದು ಗೊತ್ತಿಲ್ಲದಿದ್ದರೆ ಉಳಿದ ಯಾವ ಅಂಕಿಗೂ ಅರ್ಥವಿಲ್ಲ.

ಇನ್ನು ಪಟ್ಟಿಯ ಪರೀಕ್ಷೆ. ವೈದ್ಯಶಾಸ್ತ್ರದಲ್ಲಿ ಟೂರ್ನಿಕೆ ಪರೀಕ್ಷೆ ಎಂದು ಹೆಸರಾದ ಇದು ಡೆಂಗಿಗಾಗಿ ಹುಟ್ಟಿದ್ದಲ್ಲ. 1909ರಲ್ಲಿ ರೂಂಪೆಲ್, 1911ರಲ್ಲಿ ಲೀಡೆ ಎಂಬ ವೈದ್ಯರು ಸ್ಕಾರ್ಲೆಟ್ ಜ್ವರದ ರೋಗಿಗಳಲ್ಲಿ ಇದನ್ನು ಗಮನಿಸಿದರು. ಆಮೇಲೆ ಹೆಸ್ ಎಂಬ ಮಕ್ಕಳ ವೈದ್ಯರು ಸ್ಕರ್ವಿಯಲ್ಲಿ ಬಳಸಿದರು. ಲೋಮನಾಳಗಳು ದುರ್ಬಲವಾಗಿದ್ದರೆ ಒತ್ತಡಕ್ಕೆ ಸಿಕ್ಕಾಗ ಚರ್ಮದಡಿ ರಕ್ತ ಜಿನುಗುತ್ತದೆ ಎಂಬುದು ಇದರ ತಿರುಳು. ಮಾಡುವ ಬಗೆ ಸುಲಭ. ಮೊದಲು ರಕ್ತದೊತ್ತಡ ನೋಡಬೇಕು. ಮೇಲಿನ ಅಂಕಿ 120, ಕೆಳಗಿನದು 80 ಇದ್ದರೆ ನಡುವಣ 100ರಲ್ಲಿ ಪಟ್ಟಿಯನ್ನು ಉಬ್ಬಿಸಿ 5 ನಿಮಿಷ ಹಾಗೆಯೇ ಬಿಡಬೇಕು. ಬಿಚ್ಚಿದ ಮೇಲೆ ಎರಡು ನಿಮಿಷ ಕಾದು, ಕೈಯ ಬಣ್ಣ ಮೊದಲಿನಂತಾದಾಗ, ಮೊಣಕೈ ಮಡಿಕೆಯ ಕೆಳಗೆ ಒಂದು ಚದರ ಅಂಗುಲದಲ್ಲಿ ಎದ್ದ ಕೆಂಪು ಚುಕ್ಕೆಗಳನ್ನು ಎಣಿಸಬೇಕು. ಹತ್ತು ಅಥವಾ ಹೆಚ್ಚು ಇದ್ದರೆ ಪರೀಕ್ಷೆ ಪಾಸಿಟಿವ್. ಹಳೆಯ ಪುಸ್ತಕಗಳಲ್ಲಿ ಈ ಗಡಿ ಇಪ್ಪತ್ತು ಎಂದಿರುವುದೂ ಉಂಟು. ಮೈಮೇಲೆ ಆಗಲೇ ರಕ್ತಚುಕ್ಕೆ ಎದ್ದಿರುವವರಿಗೆ ಇದನ್ನು ಮಾಡುವ ಅಗತ್ಯವಿಲ್ಲ.

ನಮ್ಮ ಚರ್ಮದ ಬಣ್ಣದ ಮಟ್ಟಿಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಈ ಪರೀಕ್ಷೆಯನ್ನು ಮೊದಲು ಮಾಡಿದ್ದು ಬಿಳಿ ಚರ್ಮದ ಮೇಲೆ. ಕಪ್ಪು, ಗೋಧಿ ಬಣ್ಣದ ಕೈಯಲ್ಲಿ ಚುಕ್ಕೆಗಳು ಸುಲಭವಾಗಿ ಕಾಣುವುದಿಲ್ಲ. ಕಿಟಕಿಯ ಬೆಳಕಿಗೆ ಕೈ ಹಿಡಿದು, ಚರ್ಮವನ್ನು ತುಸು ಎಳೆದು, ಓರೆಯಾಗಿ ನೋಡಬೇಕು. ಟ್ಯೂಬ್‌ಲೈಟಿನಡಿ ಒಂದು ಕ್ಷಣ ಕಣ್ಣಾಡಿಸಿ ನೆಗೆಟಿವ್ ಎಂದು ಬರೆದ ಪರೀಕ್ಷೆಯನ್ನು ನಾನು ಪರೀಕ್ಷೆಯೆಂದು ಒಪ್ಪಲಾರೆ.

ಇದು ಎಷ್ಟು ನಂಬಲರ್ಹ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ ಡೆಂಗಿ ಇರುವ ನೂರು ಜನರಲ್ಲಿ ಸುಮಾರು 58 ಮಂದಿಯಲ್ಲಿ ಪಾಸಿಟಿವ್ ಬರುತ್ತದೆ. ಡೆಂಗಿ ಇಲ್ಲದ ನೂರು ಜನರಲ್ಲಿ ಸುಮಾರು 71 ಮಂದಿಯಲ್ಲಿ ನೆಗೆಟಿವ್ ಬರುತ್ತದೆ. ಈ ಎರಡು ಅಂಕಿಗಳನ್ನು ಎರಡು ಊರುಗಳಲ್ಲಿ ಇಟ್ಟು ನೋಡೋಣ. ಮಳೆಗಾಲದ ಮಂಗಳೂರಿನಲ್ಲಿ ಜ್ವರವೆಂದು ಬಂದ ನೂರರಲ್ಲಿ 40 ಮಂದಿಗೆ ಡೆಂಗಿ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಪರೀಕ್ಷೆ ಪಾಸಿಟಿವ್ ಆಗುವವರು ಸುಮಾರು 40. ಅವರಲ್ಲಿ 23 ಮಂದಿಗೆ ನಿಜವಾಗಿ ಡೆಂಗಿ. ಕುವೈತ್‌ನ ಕ್ಲಿನಿಕ್ಕಿಗೆ ಬಂದ ನೂರು ಜ್ವರದವರಲ್ಲಿ ಡೆಂಗಿ ಇಬ್ಬರಿಗೆ ಮಾತ್ರ ಎಂದಿಟ್ಟುಕೊಳ್ಳಿ. ಆಗ ಪಾಸಿಟಿವ್ ಬರುವ ಸುಮಾರು 30 ಮಂದಿಯಲ್ಲಿ ನಿಜವಾದ ಡೆಂಗಿ ಒಬ್ಬರಿಗೆ. ಅದೇ ಪಟ್ಟಿ, ಅದೇ ಐದು ನಿಮಿಷ, ಅದೇ ಹತ್ತು ಚುಕ್ಕೆ; ಊರು ಬದಲಾದೊಡನೆ ಅರ್ಥ ಬದಲಾಯಿತು. ಆದರೆ ಕುವೈತ್‌ನ ಆ ನೂರು ಜನರಲ್ಲಿ ಹದಿನಾಲ್ಕು ದಿನದೊಳಗೆ ಕರಾವಳಿಯಿಂದ ಬಂದವರನ್ನು ಮಾತ್ರ ಬೇರೆಮಾಡಿ ಪಟ್ಟಿ ಕಟ್ಟಿದರೆ ಲೆಕ್ಕ ಮತ್ತೆ ಮಂಗಳೂರಿನ ಹತ್ತಿರಕ್ಕೆ ಬರುತ್ತದೆ. ತಾರೀಕಿನ ಪ್ರಶ್ನೆಯನ್ನು ನಾನು ಮೊದಲಿಗೆ ಇಟ್ಟದ್ದು ಇದಕ್ಕೇ. ನೆಗೆಟಿವ್ ಬಂದರೂ ಹಾಯಾಗಿರುವಂತಿಲ್ಲ: ಮಂಗಳೂರಿನ ಲೆಕ್ಕದಲ್ಲಿ ನೆಗೆಟಿವ್ ಬಂದ 60 ಮಂದಿಯಲ್ಲಿ 17 ಮಂದಿಗೆ ಡೆಂಗಿ ಇದ್ದೇ ಇದೆ.

ಈ ಪರೀಕ್ಷೆಗೆ ಬಿಳಿ ರಕ್ತಕಣದ ಎಣಿಕೆ ಜೊತೆಗೂಡಿದರೆ ಬಲ ಬರುತ್ತದೆ. ಎಣಿಕೆ 5,000ಕ್ಕಿಂತ ಕೆಳಗಿದ್ದು ಪಟ್ಟಿಯ ಪರೀಕ್ಷೆಯೂ ಪಾಸಿಟಿವ್ ಆಗಿದ್ದರೆ, ರೋಗವಿರುವ ಪ್ರದೇಶಗಳಲ್ಲಿ ಡೆಂಗಿ ಎಂದೇ ಹಿಡಿದು ನಡೆಯಬಹುದು ಎಂಬುದು ಥಾಯ್ಲೆಂಡಿನ ಮಕ್ಕಳ ವೈದ್ಯರ ಬಹುಕಾಲದ ಅನುಭವ. ಚರ್ಮದ ಕೆಂಪನ್ನೂ ಒತ್ತಿ ನೋಡಬೇಕು. ಅಂಗೈಯನ್ನು ಬೆನ್ನಿನ ಮೇಲೆ ಒತ್ತಿ ತೆಗೆದಾಗ ಬಿಳಿಚಿದ ಅಚ್ಚು ಮೂಡಿ ನಿಧಾನ ಮಾಸಿದರೆ ಅದು ನಾಳಗಳು ಹಿಗ್ಗಿದ ಕೆಂಪು. ಗಾಜಿನ ಲೋಟದ ಬದಿಯಿಂದ ಒತ್ತಿದರೂ ಮಾಸದ ಚುಕ್ಕೆ ರಕ್ತಚುಕ್ಕೆ. ಜ್ವರ ಇಳಿದ ಮೇಲೆ ಕಾಲುಗಳಲ್ಲಿ ಕೆಂಪಿನ ನಡುವೆ ಬಿಳಿಯ ದುಂಡನೆಯ ಮಚ್ಚೆಗಳು ಉಳಿಯುವ ದದ್ದು ಡೆಂಗಿಗೆ ವಿಶಿಷ್ಟವಾದದ್ದು. ಆದರೆ ಅದು ಕಾಣುವ ವೇಳೆಗೆ ಅಪಾಯದ ಘಟ್ಟ ಬಹುಮಟ್ಟಿಗೆ ಮುಗಿದಿರುತ್ತದೆ.

ಕಾರ್ಡ್ ಪರೀಕ್ಷೆಯ ಬಗ್ಗೆಯೂ ಎರಡು ಮಾತು. ವೈರಸ್ಸಿನ ಎನ್‌ಎಸ್1 ಎಂಬ ಪ್ರೋಟೀನು ಮೊದಲ ಐದು ದಿನ ರಕ್ತದಲ್ಲಿ ಚೆನ್ನಾಗಿ ಸಿಗುತ್ತದೆ. ಐಜಿಎಂ ಎಂಬ ಪ್ರತಿಕಾಯ ಕಾಣುವುದು ಸುಮಾರು ಐದನೆಯ ದಿನದಿಂದ. 2024ರ ಮಳೆಗಾಲದಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಆಸ್ಪತ್ರೆಗಳ ಡೆಂಗಿ ಪರೀಕ್ಷೆಗಳಿಗೆ ದರ ಮಿತಿ ಹಾಕಿತು, ಅದೇ ವರ್ಷ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಎರಡೂ ಒಳ್ಳೆಯ ಹೆಜ್ಜೆ. ಆದರೆ ಎರಡನೆಯ ಸಲ ಡೆಂಗಿ ಬಂದವರಲ್ಲಿ ಎನ್‌ಎಸ್1 ಬೇಗ ಮರೆಯಾಗುತ್ತದೆ. 2017–18ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದಕ್ಷಿಣ ಭಾರತದ ನಾಲ್ವರಲ್ಲಿ ಸುಮಾರು ಮೂವರ ರಕ್ತದಲ್ಲಿ ಹಿಂದಿನ ಡೆಂಗಿ ಸೋಂಕಿನ ಗುರುತು ಸಿಕ್ಕಿತು. ನಮ್ಮವರ ಪಾಲಿಗೆ ಈ ಸಲದ ಡೆಂಗಿ ಎರಡನೆಯದಾಗಿರುವ ಸಾಧ್ಯತೆಯೇ ಹೆಚ್ಚು, ಮತ್ತು ತೀವ್ರಗೊಳ್ಳುವುದು ಹೆಚ್ಚಾಗಿ ಎರಡನೆಯದೇ. ಐಜಿಎಂ, ಐಜಿಜಿ ಪ್ರತಿಕಾಯಗಳ ಪರೀಕ್ಷೆಗೆ ಇನ್ನೊಂದು ತೊಡಕಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ ಡೆಂಗಿಯ ಕುಲದ್ದೇ. ಇಂಥ ಹತ್ತಿರದ ಬಳಗದಲ್ಲಿ ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲಿ ಮುಖ ತೋರಿಸಬಲ್ಲದು. ಮಲೆನಾಡಿನಿಂದ ಬಂದ ರೋಗಿಯ ವರದಿ ಓದುವಾಗ ಇದು ನೆನಪಿನಲ್ಲಿರಬೇಕು.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಡೆಂಗಿಯಲ್ಲಿ ಸಾವು ತರುವುದು ಜ್ವರವಲ್ಲ. ಬಹುತೇಕ ಸಂದರ್ಭಗಳಲ್ಲಿ ರಕ್ತಸ್ರಾವವೂ ಅಲ್ಲ. ಲೋಮನಾಳಗಳ ಗೋಡೆ ಸಡಿಲಾಗಿ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಎದೆಗೂಡಿಗೂ ಹೊಟ್ಟೆಗೂ ಸೋರುತ್ತದೆ. ನಾಳಗಳಲ್ಲಿ ರಕ್ತ ಮಂದವಾಗಿ, ಕಡಿಮೆಯಾಗಿ ಉಳಿಯುತ್ತದೆ. ಈ ಸೋರಿಕೆಯ ರಹಸ್ಯ ಬಿಡಿಸಲು ಯತ್ನಿಸಿದವರಲ್ಲಿ ಕುವೈತ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದವರೂ ಇದ್ದರು ಎಂಬುದನ್ನು ಈ ನೆಲದಲ್ಲಿ ನೆನೆಯಲೇಬೇಕು. ಲಖನೌದಿಂದ ಇಲ್ಲಿಗೆ ಬಂದ ಯು.ಸಿ. ಚತುರ್ವೇದಿ, ರಾಜ್ ರಘುಪತಿ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದ ಕೊನೆಯಲ್ಲಿ ಡೆಂಗಿ ರೋಗಿಗಳ ರಕ್ತದಲ್ಲಿ ಏರುವ, ರೋಗನಿರೋಧಕ ಕಣಗಳ ಸಂದೇಶವಾಹಕಗಳಾದ ಸೈಟೊಕೈನ್‌ಗಳನ್ನು ಅಳೆದರು. ತೀವ್ರ ಡೆಂಗಿಯಲ್ಲಿ ಇಂಟರ್‌ಲ್ಯೂಕಿನ್-8 ಎಂಬ ಸೈಟೊಕೈನ್ ಹೆಚ್ಚಿರುವುದನ್ನು 1998ರಲ್ಲಿ ಪ್ರಕಟಿಸಿದರು. ಡೆಂಗಿ ನೆಲೆಯೂರದ ನಾಡಿನಿಂದ ಡೆಂಗಿಯ ಕುರಿತು ಇಂಥ ಕೆಲಸ ಹೊರಬಂದದ್ದು ನಮಗೆ ಹೆಮ್ಮೆಯ ಸಂಗತಿ.

ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ. ಅದು 24ರಿಂದ 48 ತಾಸು ಇರುತ್ತದೆ. ಮನೆಯವರು "ಜ್ವರ ಬಿಟ್ಟಿತು, ದೇವರ ದಯೆ" ಎಂದು ನಿಟ್ಟುಸಿರು ಬಿಡುವ ದಿನವೇ ಡೆಂಗಿಯ ಅತ್ಯಂತ ಕೆಟ್ಟ ದಿನ. ಮನಿಲಾದಲ್ಲಿ 1953–54ರಲ್ಲಿ, ಬ್ಯಾಂಕಾಕಿನಲ್ಲಿ 1958ರಲ್ಲಿ ಮಕ್ಕಳು ಹೀಗೆಯೇ ಸತ್ತರು. ಬ್ಯಾಂಕಾಕಿನ ಮಕ್ಕಳ ಆಸ್ಪತ್ರೆಯಲ್ಲಿ ಸುಚಿತ್ರಾ ನಿಮ್ಮಾನ್‌ನಿತ್ಯ ಎಂಬ ವೈದ್ಯೆ ವರ್ಷಗಟ್ಟಲೆ ಇಂಥ ಮಕ್ಕಳ ಪಕ್ಕದಲ್ಲಿದ್ದು ರೋಗದ ನಡೆಯನ್ನು ಬರೆದಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಮಾರ್ಗಸೂಚಿಗಳ ಬೆನ್ನೆಲುಬು ಆ ಅನುಭವವೇ.

ಆ ಪರಂಪರೆ ನಮಗೆ ಕಲಿಸಿದ ಅತಿ ದೊಡ್ಡ ಪರೀಕ್ಷೆ ರೋಗಿಯ ಕೈ ಹಿಡಿಯುವುದು. ಒಂದೇ ಹಿಡಿತದಲ್ಲಿ ಐದು ಸಂಗತಿ ತಿಳಿಯುತ್ತವೆ: ಕೈಯ ಬಣ್ಣ, ಒತ್ತಿದ ಬೆರಳತುದಿಗೆ ಕೆಂಪು ಮರಳುವ ವೇಗ, ಬಿಸುಪು, ನಾಡಿಯ ತುಂಬು, ನಾಡಿಯ ವೇಗ. ಬೆರಳತುದಿಯನ್ನು ಎದೆಯ ಮಟ್ಟದಲ್ಲಿ ಹಿಡಿದು 5 ಸೆಕೆಂಡ್ ಒತ್ತಿ ಬಿಟ್ಟಾಗ ಬಣ್ಣ 2 ಸೆಕೆಂಡಿನೊಳಗೆ ಮರಳಬೇಕು. ತಡವಾದರೆ, ಕೈ ತಣ್ಣಗೆ ಬೆವರಿದ್ದರೆ, ನಾಡಿ ಎಳೆಯಂತೆ ತೆಳುವಾಗಿ ಓಡುತ್ತಿದ್ದರೆ ದೇಹವು ಹೊರಗಣ ಅಂಗಗಳ ರಕ್ತವನ್ನು ಕಡಿತ ಮಾಡಿ ಹೃದಯಕ್ಕೂ ಮೆದುಳಿಗೂ ಕಾದಿರಿಸುತ್ತಿದೆ ಎಂದರ್ಥ. ಕುವೈತ್‌ನಲ್ಲಿ ಇದಕ್ಕೆ ಒಂದು ತಿದ್ದುಪಡಿ ಬೇಕು. ಏಸಿಯ ಗಾಳಿಗೆ ನೇರವಾಗಿ ಮಲಗಿದವನ ಕೈ ಆರೋಗ್ಯವಿದ್ದರೂ ತಣ್ಣಗಿರುತ್ತದೆ. ಉರಿಬಿಸಿಲಿನಿಂದ ಈಗಷ್ಟೇ ಒಳಬಂದವನ ಕೈ ಷಾಕಿಗೆ ಜಾರುತ್ತಿದ್ದರೂ ಬೆಚ್ಚಗಿರಬಹುದು. ಸಾಧಾರಣ ಬಿಸುಪಿನ ಕೋಣೆಯಲ್ಲಿ ಹತ್ತು ನಿಮಿಷ ಕೂರಿಸಿ, ಆಮೇಲೆ ಪಾದವನ್ನೂ ಮುಟ್ಟಿ ನೋಡಬೇಕು.

ಎರಡನೆಯದು ಒಂದು ಕಳೆಯುವ ಲೆಕ್ಕ. ಪ್ಲಾಸ್ಮಾ ಸೋರಿದಾಗ ದೇಹ ನಾಳಗಳನ್ನು ಬಿಗಿಗೊಳಿಸುತ್ತದೆ. ಅದರಿಂದ ರಕ್ತದೊತ್ತಡದ ಕೆಳಗಿನ ಅಂಕಿ ಏರುತ್ತದೆ, ಮೇಲಿನ ಅಂಕಿ ಬಹಳ ಹೊತ್ತು ಇದ್ದಲ್ಲೇ ಇರುತ್ತದೆ. ಬೆಳಗ್ಗೆ 116/74, ಮಧ್ಯಾಹ್ನ 110/84, ಸಂಜೆ 104/86 ಎಂದು ಬರೆದ ಹಾಳೆಯನ್ನು ನೋಡಿ ಬಿ.ಪಿ. ನಾರ್ಮಲ್ ಇದೆ ಎನ್ನುವವರೇ ಬಹಳ. ಒಂದರಿಂದ ಒಂದನ್ನು ಕಳೆಯಿರಿ: 42, 26, 18. ಈ ಅಂತರ 20ಕ್ಕೆ ಇಳಿದರೆ ರೋಗಿ ಷಾಕಿನಲ್ಲಿದ್ದಾನೆ. ಆಗಲೂ ಅವನು ಕಣ್ಣುಬಿಟ್ಟು ನಿಮ್ಮೊಡನೆ ಸರಿಯಾಗಿ ಮಾತಾಡುತ್ತಿರಬಹುದು. ಡೆಂಗಿಯ ಮೋಸ ಇರುವುದು ಇಲ್ಲೇ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರಿಗೆಂದು ಕೊಂಡ ಡಿಜಿಟಲ್ ಬಿ.ಪಿ. ಯಂತ್ರವಿದೆ. ಅದು ಎರಡೂ ಅಂಕಿಗಳನ್ನು ತೋರಿಸುತ್ತದೆ, ಕಳೆದು ಹೇಳುವುದಿಲ್ಲ. ಆ ಲೆಕ್ಕವನ್ನು ನಾವೇ ಮಾಡಬೇಕು. ಮಲಗಿದ್ದವನು ಎದ್ದು ನಿಂತಾಗ ಮೇಲಿನ ಅಂಕಿ 20ರಷ್ಟು ಕುಸಿದರೆ, ತಲೆ ಸುತ್ತಿದರೆ, ಅದೂ ಎಚ್ಚರಿಕೆಯೇ.

ಇದರ ಜೊತೆಯಲ್ಲಿ ಪಿ.ಸಿ.ವಿ., ಅಂದರೆ ಹೆಮಟೋಕ್ರಿಟ್. ಕೂದಲೆಳೆಯ ಗಾಜಿನ ನಳಿಗೆಯಲ್ಲಿ ಒಂದು ಹನಿ ರಕ್ತ ತುಂಬಿ ಸಣ್ಣ ಯಂತ್ರದಲ್ಲಿ ಐದು ನಿಮಿಷ ಗಿರಗಿರನೆ ತಿರುಗಿಸಿದರೆ ಕಣಗಳ ಪಾಲು ಎಷ್ಟೆಂದು ಅಳತೆಪಟ್ಟಿಯಲ್ಲಿ ಓದಬಹುದು. ವಾರ್ಡಿನ ಮೂಲೆಯಲ್ಲೇ ಇದು ಸಾಧ್ಯ. 40 ಇದ್ದದ್ದು 48ಕ್ಕೆ ಏರಿದರೆ, ಎಂದರೆ ಶೇಕಡ 20ರ ಏರಿಕೆಯಾದರೆ, ಪ್ಲಾಸ್ಮಾ ಸೋರಿದೆ. ಒಂದೇ ಸಲದ ಅಂಕಿ ಕುರುಡು. ಬಿಸಿಲಿನಲ್ಲಿ ಬೆವರಿ ನೀರಿಳಿದವನಿಗೂ ಪಿ.ಸಿ.ವಿ. ಏರಿರುತ್ತದೆ, ಆದರೆ ಅವನಿಗೆ ನೆರಳು, ನೀರು, ಉಪ್ಪು ಸಿಕ್ಕಿದರೆ ಕೆಲವು ತಾಸಿನಲ್ಲಿ ಇಳಿಯುತ್ತದೆ. ಡೆಂಗಿಯಲ್ಲಿ ಕುಡಿಸಿದರೂ ಏರುತ್ತಲೇ ಹೋಗಬಹುದು. ಮೊದಲ ದಿನವೇ ಒಂದು ಪಿ.ಸಿ.ವಿ. ಬರೆದಿಟ್ಟವನಿಗೆ ಮಾತ್ರ ಐದನೆಯ ದಿನದ ಪಿ.ಸಿ.ವಿ. ಏನನ್ನಾದರೂ ಹೇಳುತ್ತದೆ.

ಪ್ಲೇಟ್‌ಲೆಟ್ ಎಂಬ ಒಂದೇ ಅಂಕಿಯ ಹಿಂದೆ ಬಿದ್ದು ನಾವು ಬಹಳ ಕಳೆದುಕೊಂಡಿದ್ದೇವೆ. ಊರಿನಿಂದ ದಿನಕ್ಕೆ ಮೂರು ಸಲ ಫೋನು ಬರುವುದು "ಪ್ಲೇಟ್‌ಲೆಟ್ ಎಷ್ಟಾಯಿತು?" ಎಂದು ಕೇಳಲು. ಎಣಿಕೆ ಬೇಗ ಇಳಿಯುತ್ತಿದ್ದು ಪಿ.ಸಿ.ವಿ. ಏರುತ್ತಿದ್ದರೆ ಅದು ನಿಜವಾದ ಎಚ್ಚರಿಕೆ. ಬರೀ ಇಳಿದ ಎಣಿಕೆ ಅಲ್ಲ. 2017ರಲ್ಲಿ ಪ್ರಕಟವಾದ ಸಿಂಗಪುರದ ಅಧ್ಯಯನ, ರಕ್ತಸ್ರಾವವಿಲ್ಲದ, ಎಣಿಕೆ 20,000ಕ್ಕೆ ಇಳಿದ ವಯಸ್ಕರಿಗೂ ಮುನ್ನೆಚ್ಚರಿಕೆಗೆಂದು ಪ್ಲೇಟ್‌ಲೆಟ್ ಏರಿಸಿದ್ದರಿಂದ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು ಎಂದು ತೋರಿಸಿತು. ರಕ್ತದಾನಿಗಳನ್ನು ಹುಡುಕಿ ಅಲೆಯುವ ಹೊತ್ತಿನಲ್ಲಿ ಒಬ್ಬರಾದರೂ ರೋಗಿಯ ಪಾದ ಮುಟ್ಟಿ ನೋಡಲಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹೊಟ್ಟೆಯ ಮಾತು ಚಿಕ್ಕದು, ಮುಖ್ಯವಾದದ್ದು. ನಿಲ್ಲದ ಹೊಟ್ಟೆನೋವು, ಬಲಪಕ್ಕೆಲುಬಿನಡಿ ಮುಟ್ಟಿದರೆ ನೋಯುವ, ಎರಡು ಸೆಂಟಿಮೀಟರಿಗಿಂತ ಹೆಚ್ಚು ಊದಿದ ಯಕೃತ್ತು, ಪದೇಪದೇ ವಾಂತಿ, ವಸಡು–ಮೂಗಿನ ರಕ್ತ, ಮಂಕು ಅಥವಾ ಚಡಪಡಿಕೆ ಇವನ್ನು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಎಚ್ಚರಿಕೆಯ ಲಕ್ಷಣಗಳೆಂದು ಕರೆಯುತ್ತದೆ. ಎದೆಯ ಬಲಭಾಗದ ಕೆಳಗೆ ಬೆರಳಿನಿಂದ ತಟ್ಟಿದಾಗ ಸದ್ದು ಮಂದವಾಗಿದ್ದರೆ ನೀರು ತುಂಬಿದೆ. ಇನ್ನು ಮೂತ್ರ: ನಾಲ್ಕರಿಂದ ಆರು ತಾಸಿಗೊಮ್ಮೆ ಹೋಗುತ್ತಿದ್ದರೆ ರಕ್ತದ ಹರಿವು ಸಾಕಷ್ಟಿದೆ. ಈ ಪರೀಕ್ಷೆಗೆ ಅಕ್ಷರ ಬಾರದ ಮನುಷ್ಯನೂ ಸಾಕು.

ಆ ಮನುಷ್ಯ ಬಹಳ ಸಲ ಕೋಣೆಯ ಜೊತೆಗಾರನೇ ಆಗಿರುತ್ತಾನೆ. ಮಹಬೂಲ, ಅಬ್ಬಾಸಿಯಾ, ಫರ್ವಾನಿಯಾಗಳ ಕೋಣೆಗಳಲ್ಲಿ ನಾಲ್ಕೈದು ಜನ ಒಟ್ಟಿಗೆ ಇರುವವರಿಗೆ ಮಗ್ಗುಲಲ್ಲಿ ಹೆಂಡತಿ ಇಲ್ಲ, ತಾಯಿ ಇಲ್ಲ. ಡ್ಯೂಟಿ ತಪ್ಪೀತೆಂಬ ಭಯಕ್ಕೆ ಜ್ವರವನ್ನು ಪನಡಾಲ್ (ಪ್ಯಾರಾಸಿಟಮಾಲ್) ನುಂಗಿ ಮುಚ್ಚಿಡುತ್ತಾರೆ. ಪನಡಾಲ್ ಆರು ತಾಸಿನ ಅಂತರದಲ್ಲಿ, ಮಿತಿಯಲ್ಲಿ ಸರಿ. ಮೈಕೈ ನೋವಿಗೆಂದು ಬ್ರೂಫೆನ್, ವೋಲ್ಟರೆನ್ ಸೇರಿಸುವುದು ಡೆಂಗಿಯಲ್ಲಿ ಅಪಾಯ; ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ದಾರಿ. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸದೆ ಅಂದೇ ವೈದ್ಯರನ್ನು ಕೇಳಬೇಕು. ಓಆರ್‌ಎಸ್, ಗಂಜಿ, ಬಕಾಲದಲ್ಲಿ (ಕಿರಾಣಿ ಅಂಗಡಿಯಲ್ಲಿ) ಸಿಗುವ ಲಬನ್ ಮಜ್ಜಿಗೆ ಕುಡಿಸಬೇಕು, ಬರೀ ನೀರೊಂದನ್ನೇ ಅಲ್ಲ. ಊರಿಂದ ಬಂದ ತಾರೀಕು, ಜ್ವರದ ಮೊದಲ ದಿನ, ಕೊನೆಯ ಸಲ ಮೂತ್ರಕ್ಕೆ ಹೋದ ಹೊತ್ತು ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಿವಿಲ್ ಐಡಿಯ ಜೊತೆ ಕಳಿಸಿದರೆ, ಭಾಷೆ ಬಾರದ ಕ್ಲಿನಿಕ್ಕಿನಲ್ಲೂ ವೈದ್ಯರಿಗೆ ಅರ್ಧ ರೋಗಚರಿತ್ರೆ ಸಿಕ್ಕಂತೆ. ನಮ್ಮ ಸಂಘಗಳು ಪ್ರತಿ ಆಗಸ್ಟಿನಲ್ಲಿ ಇಂಥ ಚೀಟಿಯೊಂದನ್ನು ಕನ್ನಡ, ಅರಬ್ಬಿ, ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿ ಹಂಚಬೇಕೆಂದು ಬೇಡುತ್ತೇನೆ.

ಸಭಿಕರೇ, ಇದೇ ಪರೀಕ್ಷೆಗಳಿಗೆ ಇನ್ನೂ ಒಂದು ಕೆಲಸವಿದೆ; ಅದನ್ನು ಪುಸ್ತಕಗಳು ಹೇಳಿದರೂ ವಾರ್ಡುಗಳು ಮರೆಯುತ್ತವೆ. ಎರಡು ದಿನದ ಸೋರಿಕೆ ನಿಂತ ಮೇಲೆ ಹೊರಗೆ ಹೋದ ದ್ರವ ತಾನಾಗಿ ನಾಳಗಳಿಗೆ ಮರಳತೊಡಗುತ್ತದೆ. ಹಸಿವು ಬರುತ್ತದೆ, ಅಂಗೈ ಅಂಗಾಲು ತುರಿಸುತ್ತವೆ, ನಾಡಿ ನಿಧಾನವಾಗುತ್ತದೆ, ಮೂತ್ರ ಧಾರಾಳವಾಗುತ್ತದೆ, ಮೇಲಿನ–ಕೆಳಗಿನ ಅಂಕಿಗಳ ಅಂತರ ಮತ್ತೆ ಹಿಗ್ಗುತ್ತದೆ, ಪಿ.ಸಿ.ವಿ. ಇಳಿಯುತ್ತದೆ. ಪ್ಲೇಟ್‌ಲೆಟ್ ಇನ್ನೂ ಕೆಳಗಿದೆ ಎಂಬ ಅಂಜಿಕೆಯಿಂದ ಆಗಲೂ ಡ್ರಿಪ್ ಓಡಿಸುತ್ತಲೇ ಇದ್ದರೆ ಮರಳಿದ ದ್ರವಕ್ಕೆ ಏರಿಸಿದ ದ್ರವ ಸೇರಿ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಡೆಂಗಿಯಿಂದ ಪಾರಾದವನು ಉಸಿರುಕಟ್ಟಿ ಸಾಯುವುದು ಹೀಗೆ. ನಾಡಿ ತುಂಬಿ ಬರುತ್ತಿರುವಾಗ, ಒಂದು ನಿಮಿಷಕ್ಕೆ ಎಷ್ಟು ಉಸಿರು ಎಂದು ಗಡಿಯಾರ ಹಿಡಿದು ಎಣಿಸಬೇಕು. ಹೆಚ್ಚುತ್ತಿದ್ದರೆ ಡ್ರಿಪ್ ನಿಲ್ಲಿಸಬೇಕು.